ನಿಂತವರು, ಎಡದಿಂದ ಬಲಕ್ಕೆ



1945ರ ಡಿಸೆಂಬರ್ 3ರಂದು, ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಏರಿಳಿಯುತ್ತಿದ್ದ ಎಚ್‌ಎಂಎಸ್ ಓಶನ್ ಎಂಬ ವಿಮಾನವಾಹಕ ನೌಕೆಯ ಮೇಲೆ ಒಂದು ಪುಟ್ಟ ವಿಮಾನ ಇಳಿಯಿತು. ಅದಕ್ಕೆ ಪ್ರೊಪೆಲ್ಲರ್ ಇರಲಿಲ್ಲ. ಮೊಟ್ಟೆಯಂಥ ಒಡಲು, ಅದರ ಹಿಂದೆ ಎರಡು ತೆಳ್ಳನೆಯ ತೋಳುಗಳ ಮೇಲೆ ನಿಂತ ಬಾಲ, ಒಳಗೆ ಗಾಬ್ಲಿನ್ ಎಂಬ ಜೆಟ್ ಎಂಜಿನು. ಡಿ ಹ್ಯಾವಿಲೆಂಡ್ ಕಂಪನಿ ಕಟ್ಟಿದ್ದ ವ್ಯಾಂಪೈರ್ ಎಂಬ ಯುದ್ಧವಿಮಾನದ ಎರಡನೆಯ ಮೂಲಮಾದರಿ ಅದು. ಹಡಗಿನ ಮೇಲೆ ಇಳಿಯಲೆಂದು ಅದಕ್ಕೆ ಕೊಕ್ಕೆ ಜೋಡಿಸಿ, ಗಾಲಿಯ ಕಾಲುಗಳನ್ನು ಬಲಪಡಿಸಿ, ರೆಕ್ಕೆಯ ಫ್ಲ್ಯಾಪುಗಳನ್ನು ದೊಡ್ಡದು ಮಾಡಿ, ಸೀ ವ್ಯಾಂಪೈರ್ ಎಂದು ಹೆಸರಿಟ್ಟಿದ್ದರು. ಜೆಟ್ ಎಂಜಿನನ್ನಷ್ಟೇ ನಂಬಿದ ವಿಮಾನವೊಂದು ಹಡಗಿನ ಮೇಲೆ ಇಳಿದದ್ದು ಲೋಕದಲ್ಲಿ ಅದೇ ಮೊದಲು.

ವಿಮಾನ ಹಾರಿಸಿದವರು ಎರಿಕ್ ಬ್ರೌನ್. ಆಗ ಅವರಿಗೆ 26 ವರ್ಷ. ಕುಳ್ಳಗಿನ ಆಳು, ಅದರಿಂದಲೇ ಜೊತೆಯವರು ವಿಂಕಲ್ ಎಂದು ಕರೆಯುತ್ತಿದ್ದರು. ಜೀವಮಾನದಲ್ಲಿ ಹಡಗುಗಳ ಮೇಲೆ 2,407 ಸಲ ವಿಮಾನ ಇಳಿಸಿದವರು, 487 ಬಗೆಯ ವಿಮಾನಗಳನ್ನು ಹಾರಿಸಿದವರು. 2016ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡರು. ಹಡಗಿನ ನಾಯಕ ಕ್ಯಾಪ್ಟನ್ ಕ್ಯಾಸ್ಪರ್ ಜಾನ್, ಹೆಸರಾಂತ ಚಿತ್ರಕಾರ ಅಗಸ್ಟಸ್ ಜಾನ್ ಅವರ ಮಗ. ತಾವೂ ವೈಮಾನಿಕರೇ ಆಗಿದ್ದ ಅವರು 1960ರಲ್ಲಿ ಬ್ರಿಟಿಷ್ ನೌಕಾಪಡೆಯ ಮುಖ್ಯಸ್ಥರಾದರು. ಈ ಇಬ್ಬರ ಹೆಸರೂ ಇತಿಹಾಸದ ಪುಸ್ತಕಗಳಲ್ಲಿ ಸಿಗುತ್ತವೆ.

ಆದರೆ ಒಂದು ವಿಮಾನ ಹಡಗಿನ ಮೇಲೆ ಇಳಿಯಬೇಕಾದರೆ ಇಬ್ಬರು ಸಾಕಾಗುವುದಿಲ್ಲ. ಕೈಯಲ್ಲಿ ಬ್ಯಾಟು ಹಿಡಿದು ಡೆಕ್ಕಿನ ಅಂಚಿನಲ್ಲಿ ನಿಂತು ಪೈಲಟ್‌ಗೆ ಸನ್ನೆ ಮಾಡುವ ಅಧಿಕಾರಿ ಬೇಕು. ವಿಮಾನದ ಕೊಕ್ಕೆ ತಂತಿಯನ್ನು ಹಿಡಿದೊಡನೆ ಓಡಿಬಂದು ಬಿಡಿಸುವ ನಾವಿಕರು ಬೇಕು. ಬೆಂಕಿ ಬಿದ್ದರೆ ಆರಿಸುವವರು, ಗಾಲಿಗೆ ಅಡ್ಡಗಟ್ಟೆ ಇಡುವವರು, ಇಂಧನ ತುಂಬುವವರು, ಎಂಜಿನಿನ ಸದ್ದಿಗೆ ಕಿವಿಗೊಟ್ಟು ನಿಂತ ಕಂಪನಿಯ ತಂತ್ರಜ್ಞರು, ಪ್ರತಿಯೊಂದನ್ನೂ ಅಳೆದು ಬರೆದುಕೊಳ್ಳುವ ಫಾರ್ನ್‌ಬರೋದ ವಿಮಾನ ಸಂಶೋಧನಾಲಯದ ಜನ, ಇವರೆಲ್ಲ ಬೇಕು. ಇಂಥ ಪರೀಕ್ಷೆಯ ಚಿತ್ರಗಳಲ್ಲಿ ಇವರೆಲ್ಲ ಇರುತ್ತಾರೆ. ಚಿತ್ರದ ಕೆಳಗೆ ವಿಮಾನದ ಹೆಸರಿರುತ್ತದೆ, ಪೈಲಟ್ ಹೆಸರಿರುತ್ತದೆ. ಉಳಿದವರಿಗೆ ‘ಇತರರು’ ಎಂಬ ಒಂದೇ ಹೆಸರು.

ಆ ‘ಇತರರ’ ಹೆಸರು ಹುಡುಕುವುದು ಹೇಗೆ ಎನ್ನುವುದೇ ನನ್ನ ಇಂದಿನ ಮಾತು. ಅನೇಕ ವರ್ಷಗಳಿಂದ ಹಳೆಯ ವಿಮಾನಗಳ ಚಿತ್ರ ನೋಡುತ್ತ ಬಂದ ನನಗೆ ಒಂದು ವಿಷಯ ಮನದಟ್ಟಾಗಿದೆ. ನಾವೆಲ್ಲ ಚಿತ್ರ ಕೈಗೆ ಬಂದೊಡನೆ ಮುಖ ನೋಡುತ್ತೇವೆ. ಮುಖವನ್ನು ನೋಡಬೇಕಾದದ್ದು ಕೊನೆಗೆ. ಮೊದಲು ಯಂತ್ರ, ಆಮೇಲೆ ಬಟ್ಟೆ, ಆಮೇಲೆ ಕಾಗದಪತ್ರ. ಇಷ್ಟೂ ಒಂದೇ ಕಡೆ ಬೆರಳು ತೋರಿಸಿದ ಮೇಲೆಯೇ ಮುಖದ ಸರದಿ.

ಯಂತ್ರದಿಂದ ಶುರುಮಾಡೋಣ. ಮೂಲಮಾದರಿ ವಿಮಾನದ ಚಿತ್ರವಾದರೆ ಹುಡುಕುವವನ ಅರ್ಧ ಕೆಲಸ ಹಗುರಾದಂತೆ, ಏಕೆಂದರೆ ಅಂಥ ವಿಮಾನ ಲೋಕದಲ್ಲಿ ಒಂದೋ ಎರಡೋ ಇರುತ್ತದೆ. ನಾನು ಹೇಳಿದ ವ್ಯಾಂಪೈರಿನ ಸಂಖ್ಯೆ ಎಲ್‌ಝಡ್ 551. ಯುದ್ಧಕಾಲದಲ್ಲಿ ಅದರ ಪಕ್ಕದಲ್ಲಿ ಗೆರೆ ಎಳೆದು ಜಿ ಎಂಬ ಅಕ್ಷರವನ್ನೂ ಬರೆಯುತ್ತಿದ್ದರು. ಈ ವಿಮಾನ ಎಲ್ಲಿ ನಿಂತರೂ ಅದರ ಬಳಿ ಕಾವಲುಗಾರ ಇರಲೇಬೇಕು ಎಂದು ಅದರ ಅರ್ಥ. ಹಾಗಾಗಿ ಇಂಥ ವಿಮಾನದ ನೆಲದ ಮೇಲಿನ ಚಿತ್ರದಲ್ಲಿ ಬಂದೂಕು ಹಿಡಿದು ಒಬ್ಬಂಟಿಯಾಗಿ ನಿಂತ ಮನುಷ್ಯ ಕಂಡರೆ ಆತ ಯಾಕೆ ಅಲ್ಲಿದ್ದಾನೆ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ವಿಮಾನದ ಮೈಮೇಲಿನ ಒಂದೇ ಅಕ್ಷರ ಆತನ ಕೆಲಸವನ್ನು ಹೇಳಿಬಿಡುತ್ತದೆ. ಹಳದಿ ವೃತ್ತದೊಳಗೆ ಬರೆದ ಪಿ ಅಕ್ಷರ ಕಂಡರೆ ಅದು ಮೂಲಮಾದರಿ. ಎಲ್‌ಝಡ್ 551 ಇಂದಿಗೂ ಉಳಿದಿದೆ, ಇಂಗ್ಲೆಂಡಿನ ಯೋವಿಲ್ಟನ್‌ನಲ್ಲಿರುವ ನೌಕಾ ವಾಯುಪಡೆಯ ಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ಕಾಣುವ ಒಂದು ಮುಚ್ಚಳವೋ ಬೆಸುಗೆಯ ಗೆರೆಯೋ ಎಲ್ಲಿತ್ತು ಎಂದು ಸಂಶಯ ಬಂದರೆ ಹೋಗಿ ಮುಟ್ಟದೆ ನೋಡಿಬರಬಹುದು.

ಯಂತ್ರ ತಾರೀಖನ್ನೂ ಹೇಳುತ್ತದೆ. ಅದೇ ಎರಿಕ್ ಬ್ರೌನ್ 1948ರ ನವೆಂಬರಿನಲ್ಲಿ ಎಚ್‌ಎಂಎಸ್ ವಾರಿಯರ್ ಎಂಬ ಇನ್ನೊಂದು ಹಡಗಿನ ಮೇಲೆ ಇನ್ನೊಂದು ಸೀ ವ್ಯಾಂಪೈರನ್ನು ಇಳಿಸಿದರು. ಆಗ ಡೆಕ್ಕಿನ ಮೇಲೆ ರಬ್ಬರಿನ ಮೆತ್ತೆ ಹಾಸಿದ್ದರು. ವಿಮಾನ ಗಾಲಿಗಳನ್ನು ಮಡಚಿಕೊಂಡು ಹೊಟ್ಟೆಯ ಮೇಲೆಯೇ ಇಳಿಯಿತು. ಗಾಲಿಯ ಭಾರವೇ ಇಲ್ಲದ ವಿಮಾನ ಕಟ್ಟಿದರೆ ಹೇಗೆ ಎಂಬ ಪ್ರಯೋಗ ಅದು. ಪೈಲಟ್ ಒಬ್ಬರೇ, ವಿಮಾನದ ಜಾತಿ ಒಂದೇ, ಹಡಗುಗಳೂ ನೋಡಲು ಅಕ್ಕತಂಗಿಯರು. ಆದರೆ ಚಿತ್ರದಲ್ಲಿ ಗಾಲಿ ನೆಲಕ್ಕೆ ತಾಗಿದೆಯೇ ಇಲ್ಲವೇ ಎಂಬ ಒಂದೇ ಸಂಗತಿಯಿಂದ ಮೂರು ವರ್ಷಗಳ ಅಂತರ ಸ್ಪಷ್ಟವಾಗುತ್ತದೆ. ಚಿತ್ರದ ವರ್ಷ ಬದಲಾದರೆ ಸುತ್ತ ನಿಂತ ಜನರ ಪಟ್ಟಿಯೇ ಬದಲಾಗುತ್ತದೆ. ಒಮ್ಮೊಮ್ಮೆ ಸಾವೂ ತಾರೀಖು ಹೇಳುತ್ತದೆ. ವ್ಯಾಂಪೈರನ್ನು 1943ರ ಸೆಪ್ಟೆಂಬರ್ 20ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಮೊದಲ ಬಾರಿಗೆ ಹಾರಿಸಿದವರು ಕಂಪನಿಯ ಸ್ಥಾಪಕರ ಮಗ, ಜೆಫ್ರಿ ಡಿ ಹ್ಯಾವಿಲೆಂಡ್. ಅವರು 1946ರ ಸೆಪ್ಟೆಂಬರ್ 27ರಂದು ಇನ್ನೊಂದು ಪ್ರಾಯೋಗಿಕ ವಿಮಾನ ಗಾಳಿಯಲ್ಲೇ ಒಡೆದು ತೀರಿಕೊಂಡರು. ವ್ಯಾಂಪೈರಿನ ಬಳಿ ಅವರು ನಿಂತ ಚಿತ್ರ ಸಿಕ್ಕರೆ, ಅದನ್ನು ಈ ಎರಡು ತಾರೀಖುಗಳ ಆಸುಪಾಸಿನ ಮೂರು ವರ್ಷದೊಳಗೇ ಇಡಬೇಕು. ಮಗ್ಗುಲಲ್ಲಿ ನಿಂತ ಹೆಸರಿಲ್ಲದವರೂ ಅದೇ ಕಾಲಕ್ಕೆ ಸೇರಿದವರಾಗುತ್ತಾರೆ.

ಇನ್ನು ಬಟ್ಟೆ. ನಮ್ಮ ಮನೆಗಳಲ್ಲಿ ಹಳೆಯ ಮದುವೆ ಫೋಟೋ ತೆಗೆದಾಗ ಹಿರಿಯ ಹೆಂಗಸರು ಏನು ಮಾಡುತ್ತಾರೆ? ಮುಖ ಮಸುಕಾಗಿದ್ದರೂ ಸೀರೆಯ ಅಂಚು, ಅಡ್ಡಿಕೆ, ಬುಗುಡಿ ನೋಡಿ, ‘ಇದು ದೊಡ್ಡ ಅತ್ತೆ, ಆ ಅಡ್ಡಿಕೆ ಮಾಡಿಸಿದ್ದು ಎರಡನೇ ಮಗು ಹುಟ್ಟಿದ ಮೇಲೆ’ ಎಂದು ಹೇಳಿಬಿಡುತ್ತಾರೆ. ನೌಕಾಪಡೆಯ ಚಿತ್ರ ಓದುವ ವಿದ್ಯೆಯೂ ಇದೇ. ವ್ಯತ್ಯಾಸವೆಂದರೆ ಅಲ್ಲಿ ಒಡವೆಯ ಬದಲು ತೋಳಿನ ಪಟ್ಟಿಗಳಿವೆ, ಆ ಪಟ್ಟಿಗಳಿಗೆ ಲಿಖಿತ ನಿಯಮಗಳಿವೆ.

ಬ್ರಿಟಿಷ್ ನೌಕಾಪಡೆಯ ಅಧಿಕಾರಿಯ ಮುಂಗೈ ಬಳಿ ಚಿನ್ನದ ಪಟ್ಟಿಗಳಿರುತ್ತವೆ. ಎರಡು ಪಟ್ಟಿ ಇದ್ದರೆ ಲೆಫ್ಟಿನೆಂಟ್. ಎರಡರ ನಡುವೆ ಸಣ್ಣದೊಂದು ಸೇರಿದರೆ ಲೆಫ್ಟಿನೆಂಟ್ ಕಮಾಂಡರ್. ಮೂರಾದರೆ ಕಮಾಂಡರ್, ನಾಲ್ಕಾದರೆ ಕ್ಯಾಪ್ಟನ್. ಯುದ್ಧಕಾಲಕ್ಕೆ ಸ್ವಯಂಸೇವಕರಾಗಿ ಸೇರಿದ ಮೀಸಲು ಪಡೆಯವರಿಗೆ ಆಗ ನೇರ ಪಟ್ಟಿಯಲ್ಲ, ಅಲೆಯಂತೆ ಬಳುಕಿದ ಪಟ್ಟಿ. ಅದು 1950ರ ದಶಕದ ಆರಂಭದಲ್ಲಿ ನಿಂತುಹೋಯಿತು. ಹಾಗಾಗಿ ಬಳುಕಿದ ಪಟ್ಟಿ ಕಂಡರೆ ಮನುಷ್ಯ ಯಾವ ಬಗೆಯವನು ಎಂಬುದರ ಜೊತೆಗೆ ಚಿತ್ರ ಯಾವ ಕಾಲದ್ದು ಎಂಬುದೂ ಸಿಗುತ್ತದೆ. ಪಟ್ಟಿಗಳ ನಡುವೆ ಬಣ್ಣದ ಬಟ್ಟೆ ಇಡುವ ಪದ್ಧತಿಯೂ ಇತ್ತು: ಎಂಜಿನಿಯರಿಗೆ ನೇರಳೆ, ವೈದ್ಯನಿಗೆ ಕೆಂಪು, ಲೆಕ್ಕಪತ್ರದವನಿಗೆ ಬಿಳಿ. ಕಪ್ಪು ಬಿಳುಪು ಚಿತ್ರದಲ್ಲಿ ಬಿಳಿ ಚೆನ್ನಾಗಿ ಕಾಣುತ್ತದೆ. ನೇರಳೆ, ಕೆಂಪು ಎರಡೂ ಕೋಟಿನ ಕಡುನೀಲಿಯಲ್ಲಿ ಕರಗಿಹೋಗುತ್ತವೆ. ನನಗೆ ಅತ್ಯಂತ ಬೇಸರ ತರುವ ಸಂಗತಿ ಇದು. ಮೂಲಮಾದರಿ ವಿಮಾನದ ಸುತ್ತ ಯಾರನ್ನು ಹೆಚ್ಚಾಗಿ ಗುರುತಿಸಬೇಕೋ ಆ ಎಂಜಿನಿಯರನೇ ಚಿತ್ರದಲ್ಲಿ ಬಣ್ಣ ಕಳೆದುಕೊಂಡು ನಿಂತಿರುತ್ತಾನೆ.

ಪೈಲಟ್‌ಗಳ ವಿಷಯದಲ್ಲಿ ಹಾಗಿಲ್ಲ. ವಾಯುಪಡೆಯ ಪೈಲಟ್ ತನ್ನ ರೆಕ್ಕೆಯ ಚಿಹ್ನೆಯನ್ನು ಎದೆಯ ಮೇಲೆ ಧರಿಸುತ್ತಾನೆ. ಬ್ರಿಟಿಷ್ ನೌಕಾ ಪೈಲಟ್ ಅದನ್ನು ಎಡತೋಳಿನ ಮೇಲೆ, ಪಟ್ಟಿಗಳಿಗಿಂತ ಸ್ವಲ್ಪ ಮೇಲೆ ಧರಿಸುತ್ತಾನೆ. ಈ ಒಂದು ನಿಯಮ ಎರಡು ಕೆಲಸ ಮಾಡುತ್ತದೆ. ಕೈಕಟ್ಟಿ ನಿಂತವರಲ್ಲಿ ಯಾರು ಹಾರುವವರು, ಯಾರು ಅಲ್ಲ ಎಂದು ಹೇಳುತ್ತದೆ. ಜೊತೆಗೆ, ಪ್ರಿಂಟು ಹಾಕುವಾಗ ನೆಗೆಟಿವ್ ತಿರುವುಮುರುವಾಗಿದ್ದರೆ ಅದನ್ನೂ ಹಿಡಿದುಕೊಡುತ್ತದೆ. ರೆಕ್ಕೆ ಬಲತೋಳಿನಲ್ಲಿ ಕಂಡು, ಪದಕದ ಪಟ್ಟಿ ಬಲ ಎದೆಯಲ್ಲಿ ಕಂಡು, ಕೋಟಿನ ಮೇಲುಮಡಿಕೆ ಹೆಂಗಸರ ಕೋಟಿನಂತೆ ಬಲಗಡೆಯಿಂದ ಬಂದಿದ್ದರೆ ಚಿತ್ರವೇ ಎಡಬಲ ಅದಲುಬದಲಾದ ಕನ್ನಡಿಬಿಂಬ. ಇದನ್ನು ಗಮನಿಸದೆ ‘ಎಡದಿಂದ ಬಲಕ್ಕೆ’ ಎಂದು ಹೆಸರು ಓದುತ್ತ ಹೋದರೆ ಸಾಲಿನಲ್ಲಿ ನಿಂತ ಪ್ರತಿಯೊಬ್ಬನಿಗೂ ಬೇರೊಬ್ಬನ ಹೆಸರು ಅಂಟುತ್ತದೆ. ನಡುವೆ ನಿಂತವನೊಬ್ಬನೇ ಪಾರಾಗುತ್ತಾನೆ.

ಎದೆಯ ಮೇಲಿನ ಪದಕದ ಪಟ್ಟಿಗಳೂ ಮಾತಾಡುತ್ತವೆ. ಅವು ಹೇಳುವುದು ಒಂದೇ ದಿಕ್ಕಿನ ಮಾತು, ‘ಇದಕ್ಕಿಂತ ಮುಂಚೆ ಅಲ್ಲ’ ಎಂದು. ಬ್ರೌನ್ ಅವರಿಗೆ ಏರ್ ಫೋರ್ಸ್ ಕ್ರಾಸ್ ಬಂದದ್ದು 1947ರಲ್ಲಿ. ಓರೆ ಗೆರೆಗಳ ಆ ಪಟ್ಟಿ ಅವರ ಎದೆಯಲ್ಲಿದ್ದರೆ, ಚಿತ್ರದ ಹಿಂದೆ ಯಾರು 1945 ಎಂದು ಎಷ್ಟು ದಪ್ಪಕ್ಷರದಲ್ಲಿ ಬರೆದಿದ್ದರೂ ನಂಬಬಾರದು. ಪಟ್ಟಿ ಇಲ್ಲದಿದ್ದರೆ ಮಾತ್ರ ಏನೂ ಸಿದ್ಧವಾಗುವುದಿಲ್ಲ. ಕೆಲಸದ ಅಂಗಿಯ ಮೇಲೆ ಪದಕ ಸಿಕ್ಕಿಸಿಕೊಳ್ಳುವವರು ಕಡಿಮೆ.

ಸಾಮಾನ್ಯ ನಾವಿಕರಿಗೆ ಬರೋಣ. ನಿಜವಾದ ಕಷ್ಟ ಇರುವುದು ಇಲ್ಲಿ. ಅವರ ಟೊಪ್ಪಿಯ ಸುತ್ತ ಹಡಗಿನ ಹೆಸರು ನೇಯ್ದ ರಿಬ್ಬನ್ ಇರುತ್ತದೆ. ಅದೊಂದು ಓದಲು ಸಿಕ್ಕರೆ ಸಾಕು ಎನ್ನಿಸುತ್ತದೆ. ಆದರೆ ಯುದ್ಧದ ಕಾಲದಲ್ಲಿ ಗುಟ್ಟು ಕಾಯಲು ಹಡಗಿನ ಹೆಸರು ತೆಗೆದು ಬರೀ ಎಚ್‌ಎಂಎಸ್ ಎಂದಷ್ಟೇ ಉಳಿಸಿದ್ದರು. ತೋಳಿನ ಮೇಲೆ ಸನ್ನಡತೆಯ ಗುರುತಾಗಿ ಬಾಣದ ತುದಿಯಂಥ ಪಟ್ಟಿಗಳಿರುತ್ತಿದ್ದವು: ಮೂರು ವರ್ಷದ ಸೇವೆಗೆ ಒಂದು, ಎಂಟಕ್ಕೆ ಎರಡು, ಹದಿಮೂರಕ್ಕೆ ಮೂರು. ಮೂರು ಪಟ್ಟಿಯ ನಾವಿಕ 1945ರ ಚಿತ್ರದಲ್ಲಿದ್ದರೆ ಆತ 1930ರ ದಶಕದ ಆರಂಭಕ್ಕೇ ಸೇವೆಗೆ ಸೇರಿದವನು. ವಯಸ್ಸಿನ ಅಂದಾಜು ಸಿಗುತ್ತದೆ, ಹೆಸರಲ್ಲ. ಇನ್ನೊಂದು ಪುಟ್ಟ ಸಂಗತಿ ನನಗೆ ತುಂಬ ಇಷ್ಟ. ಬ್ರಿಟಿಷ್ ನೌಕಾಪಡೆಯಲ್ಲಿ ಮೀಸೆ ಮಾತ್ರ ಬಿಡುವಂತಿರಲಿಲ್ಲ. ಬಿಟ್ಟರೆ ಗಡ್ಡ ಮೀಸೆ ಎರಡನ್ನೂ ಬಿಡಬೇಕು, ಇಲ್ಲವಾದರೆ ಎರಡನ್ನೂ ಬೋಳಿಸಬೇಕು. ಹಡಗಿನ ಡೆಕ್ಕಿನ ಮೇಲೆ ಬರೀ ಮೀಸೆಯ ಗಂಡಸು ಕಂಡರೆ ಆತ ವಾಯುಪಡೆಯವನೋ ಭೂಸೇನೆಯವನೋ ಕಂಪನಿಯವನೋ ಆಗಿರಬಹುದು. ಆ ಹಡಗಿನ ನಾವಿಕನಂತೂ ಅಲ್ಲ.

ಟೊಪ್ಪಿಯ ಚಿಹ್ನೆಯನ್ನು ಭೂತಗನ್ನಡಿ ಹಿಡಿದು ನೋಡಬೇಕು. ಆರನೆಯ ಜಾರ್ಜ್ ದೊರೆಯ ಕಾಲದ ಕಿರೀಟದ ಕಮಾನು ಗುಮ್ಮಟದಂತೆ ದುಂಡು; ಎರಡನೆಯ ಎಲಿಜಬೆತ್ ರಾಣಿಯ ಕಾಲದ ಕಿರೀಟದ ಕಮಾನಿಗೆ ನಡುವೆ ತಗ್ಗು. ಕಿರೀಟವೇ ಇಲ್ಲದೆ ಅಶೋಕನ ಸಿಂಹಗಳಿದ್ದರೆ? ಆಗ ಚಿತ್ರ ನಮ್ಮದು, 1950ರ ಜನವರಿ 26ರ ನಂತರದ್ದು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ಮೊದಲ ವಿಮಾನವಾಹಕ ನೌಕೆ ಐಎನ್ಎಸ್ ವಿಕ್ರಾಂತ್, ಓಶನ್ ಹಡಗು ಹುಟ್ಟಿದ ಅದೇ ಯುದ್ಧಕಾಲದ ವಿನ್ಯಾಸದ ಕುಡಿ. ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ 1945ರಲ್ಲೇ ನೀರಿಗಿಳಿದು, ಅರ್ಧಕ್ಕೆ ನಿಂತು, ಭಾರತ ಕೊಂಡ ಮೇಲೆ ಪೂರ್ಣಗೊಂಡು 1961ರ ಮಾರ್ಚ್ 4ರಂದು ಬೆಲ್‌ಫಾಸ್ಟ್‌ನಲ್ಲಿ ನಮ್ಮ ಪಡೆಗೆ ಸೇರಿತು. ಅದೇ ವರ್ಷ ಮೇ 18ರಂದು ಅದರ ಮೇಲೆ ಮೊದಲ ಜೆಟ್ ಇಳಿಸಿದವರು ಲೆಫ್ಟಿನೆಂಟ್ ಆರ್. ಎಚ್. ತಹಿಲಿಯಾನಿ, ಮುಂದೆ ಅವರೇ ನಮ್ಮ ನೌಕಾಪಡೆಯ ಮುಖ್ಯಸ್ಥರಾದರು. ಮಸುಕಾದ ಚಿತ್ರದಲ್ಲಿ ಡೆಕ್ಕು, ಗೋಪುರ, ಕೋಟು, ತೋಳಪಟ್ಟಿ ಎಲ್ಲವೂ ಬ್ರಿಟಿಷರದೇ ಎನಿಸುವಷ್ಟು ಹೋಲಿಕೆ. ಒಂದು ಗುಂಡಿಯ ಮೇಲಿನ ಸಿಂಹ ಚಿತ್ರವನ್ನು ನಮ್ಮ ಮನೆಗೆ ತಂದುಕೊಡುತ್ತದೆ.

ಸಮವಸ್ತ್ರವೇ ಇಲ್ಲದಾಗ ಇನ್ನೇನಾದರೂ ಆಸರೆ ಬೇಕು. 1911ರ ಜನವರಿ 18ರಂದು ಅಮೆರಿಕದ ಯೂಜೀನ್ ಈಲಿ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾ ಎಂಬ ಯುದ್ಧನೌಕೆಯ ಮೇಲೆ ಕಟ್ಟಿದ್ದ ಹಲಗೆಯ ಅಟ್ಟದ ಮೇಲೆ ತನ್ನ ಕರ್ಟಿಸ್ ವಿಮಾನ ಇಳಿಸಿದ. ಹಡಗಿನ ಮೇಲೆ ವಿಮಾನ ಇಳಿದದ್ದು ಅದೇ ಮೊದಲು. ಆ ದಿನ ಸುತ್ತ ಕಿಕ್ಕಿರಿದ ಜನದಲ್ಲಿ ಈಲಿ ಯಾರು ಎಂದು ಕೇಳಬೇಕಿಲ್ಲ. ಆತನಿಗೆ ಈಜು ಬರುತ್ತಿರಲಿಲ್ಲ. ನೀರಿಗೆ ಬಿದ್ದರೆ ತೇಲಲೆಂದು ಸೈಕಲ್ ಟ್ಯೂಬುಗಳನ್ನು ಮೈಗೆ ಸುತ್ತಿಕೊಂಡಿದ್ದ. ಭಯವೇ ಆತನ ಗುರುತಾಗಿ ನಿಂತಿದೆ. ಅದೇ ವರ್ಷದ ಅಕ್ಟೋಬರಿನಲ್ಲಿ ಆತ ನೀರಿನಲ್ಲಲ್ಲ, ನೆಲದ ಮೇಲೆ ಬಿದ್ದು ಸತ್ತ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಹಡಗಿನ ದಿನಚರಿ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಸಿಗುತ್ತದೆ. ನೌಕಾಪಡೆಯ ಅಧಿಕಾರಿಗಳ ಅಚ್ಚಾದ ಪಟ್ಟಿ ಯಾವ ವರ್ಷ ಯಾರು ಯಾವ ಹುದ್ದೆಯಲ್ಲಿದ್ದರೆಂದು ಹೇಳುತ್ತದೆ. ಪೈಲಟ್‌ಗಳು ಪ್ರತಿ ಹಾರಾಟವನ್ನೂ ಬರೆದಿಡುವ ಲಾಗ್‌ಬುಕ್ ಇರುತ್ತದೆ. ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿರುವ ನೌಕಾ ಇಲಾಖೆಯ ಚಿತ್ರಗಳಿಗೆ ಎ ಅಕ್ಷರದಿಂದ ಶುರುವಾಗುವ ಸಂಖ್ಯೆಗಳಿವೆ. ಒಂದು ಚಿತ್ರಕ್ಕೆ ಅಡಿಬರಹ ಸಿಗದಿದ್ದರೂ ಹಿಂದಿನ ಮುಂದಿನ ಸಂಖ್ಯೆಯ ಚಿತ್ರಗಳ ಅಡಿಬರಹ ನೆರವಿಗೆ ಬರುತ್ತದೆ. ಆದರೆ ಒಂದು ಮಾತು: ಹಡಗಿನ ದಿನಚರಿ ಗಾಳಿಯ ವೇಗವನ್ನು ತಪ್ಪದೆ ಬರೆಯುತ್ತದೆ, ತಂತಿ ಬಿಡಿಸಿದ ನಾವಿಕನ ಹೆಸರನ್ನು ಬರೆಯುವುದಿಲ್ಲ.

ಈಗ ಮುಖ. ಮುಖವನ್ನು ಯಾಕೆ ಕೊನೆಗೆ ಇಟ್ಟೆ ಎಂದು ಕೇಳಬಹುದು. ಡೆಕ್ಕಿನ ಮೇಲೆ ಗಾಳಿ ಹೊಡೆಯುತ್ತಿರುತ್ತದೆ, ಕಣ್ಣು ಕಿರಿದಾಗಿರುತ್ತದೆ, ಟೊಪ್ಪಿಯ ನೆರಳು ಅರ್ಧ ಮುಖವನ್ನು ನುಂಗಿರುತ್ತದೆ. ಹೋಲಿಸಲು ನಮ್ಮ ಬಳಿ ಇರುವ ಇನ್ನೊಂದು ಚಿತ್ರವೋ ಹತ್ತು ವರ್ಷ ಹಿಂದಿನದು ಅಥವಾ ಮೂವತ್ತು ವರ್ಷ ಮುಂದಿನದು. ಬದಲಾಗದೆ ಉಳಿಯುವುದರಲ್ಲಿ ಕಿವಿ ಮುಖ್ಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಯಾರಿಸ್ ಪೊಲೀಸ್ ಇಲಾಖೆಯ ಬರ್ತಿಯೋಂ ಅಪರಾಧಿಗಳನ್ನು ಗುರುತಿಸಲು ಕಿವಿಯ ಆಕಾರವನ್ನು ಬಹಳವಾಗಿ ನೆಚ್ಚಿದ್ದರು. ಕಿವಿ ಹೋಲಲಿಲ್ಲವೆಂದರೆ ಒಬ್ಬನನ್ನು ಪಟ್ಟಿಯಿಂದ ಧೈರ್ಯವಾಗಿ ಬಿಡಬಹುದು. ಹೋಲಿತೆಂದ ಮಾತ್ರಕ್ಕೆ ಸೇರಿಸಲಾಗದು. ಅದಕ್ಕಿಂತ ದೊಡ್ಡ ಅಪಾಯ ನಮ್ಮ ಆಸೆಯಲ್ಲಿದೆ. ಇಂಥವರು ಚಿತ್ರದಲ್ಲಿರಬೇಕು ಎಂದು ಮನಸ್ಸು ಬಯಸಿದರೆ ಕಣ್ಣು ಅವರನ್ನು ಹುಡುಕಿ ನಿಲ್ಲಿಸಿಬಿಡುತ್ತದೆ.

ಇದಕ್ಕೆ ಲೋಕವೇ ಬಲ್ಲ ಒಂದು ಉದಾಹರಣೆ ಇದೆ. ಅದು ವಿಮಾನದ ಚಿತ್ರವಲ್ಲ, ಆದರೂ ಇದೇ ಕಾಲದ, ಇದೇ ಜಾತಿಯ ಸಮಸ್ಯೆ. 1945ರ ಫೆಬ್ರವರಿ 23ರಂದು ಜಪಾನಿನ ಇವೋ ಜಿಮಾ ದ್ವೀಪದ ಬೆಟ್ಟದ ಮೇಲೆ ಆರು ಮಂದಿ ಅಮೆರಿಕದ ಧ್ವಜ ನೆಡುತ್ತಿದ್ದ ಕ್ಷಣವನ್ನು ಜೋ ರೋಸೆಂಥಾಲ್ ಸೆರೆಹಿಡಿದರು. ಆ ಚಿತ್ರದಲ್ಲಿ ಮುಖಗಳು ಸರಿಯಾಗಿ ಕಾಣುವುದೇ ಇಲ್ಲ. ಆದರೂ ದೇಶಕ್ಕೆ ಆರು ಹೆಸರು ತುರ್ತಾಗಿ ಬೇಕಿತ್ತು, ಆರು ಹೆಸರು ಕೊಟ್ಟರು. ಅದರಲ್ಲಿ ಒಂದು ತಪ್ಪು ಎಂದು 1947ರಲ್ಲೇ ತಿಳಿಯಿತು. ತಮ್ಮ ಗೆಳೆಯ ಹಾರ್ಲನ್ ಬ್ಲಾಕ್‌ನ ಜಾಗದಲ್ಲಿ ಇನ್ನೊಬ್ಬರ ಹೆಸರಿದೆ ಎಂದು ಆ ಆರು ಮಂದಿಯಲ್ಲಿ ಒಬ್ಬರಾದ ಐರಾ ಹೇಸ್ ಹೇಳಿದ್ದರು. ಆಮೇಲೆ ಸುಮಾರು ಎಪ್ಪತ್ತು ವರ್ಷ ಆ ಪಟ್ಟಿ ಕಲ್ಲಿನ ಬರಹದಂತೆ ನಿಂತಿತು. 2016ರಲ್ಲಿ, ಪಟ್ಟಿಯಲ್ಲಿದ್ದ ಜಾನ್ ಬ್ರಾಡ್ಲಿ ಆ ಚಿತ್ರದಲ್ಲಿಲ್ಲ, ಪಟ್ಟಿಯಲ್ಲಿಲ್ಲದ ಹೆರಾಲ್ಡ್ ಶುಲ್ಟ್ಸ್ ಇದ್ದಾರೆ ಎಂದು ಅಮೆರಿಕದ ಮರೀನ್ ಪಡೆ ಒಪ್ಪಿಕೊಂಡಿತು. 2019ರಲ್ಲಿ, ರೆನೆ ಗ್ಯಾನನ್ ಎಂದುಕೊಂಡವರು ಹೆರಾಲ್ಡ್ ಕೆಲ್ಲರ್ ಎಂದಾಯಿತು.

ಈ ತಿದ್ದುಪಡಿಗಳ ಹಿಂದೆ ಇದ್ದವರಲ್ಲಿ ಹವ್ಯಾಸಿ ಸಂಶೋಧಕರೇ ಹೆಚ್ಚು. ಅವರು ನೋಡಿದ್ದು ಮುಖವನ್ನಲ್ಲ. ಪ್ಯಾಂಟಿನ ಅಂಚು ಮಡಚಿದೆಯೇ, ಹೆಲ್ಮೆಟ್ಟಿನ ಕೆಳಗೆ ಟೊಪ್ಪಿಯ ಚುಂಚು ಇಣುಕುತ್ತಿದೆಯೇ, ಸೊಂಟದ ಪಟ್ಟಿಯಲ್ಲಿ ಏನೇನು ತೂಗುತ್ತಿದೆ, ಬೆರಳಿನಲ್ಲಿ ಉಂಗುರವಿದೆಯೇ. ಅದೇ ದಿನ ಅದೇ ಬೆಟ್ಟದ ಮೇಲೆ ತೆಗೆದ ಬೇರೆ ಚಿತ್ರಗಳಲ್ಲಿ ಬ್ರಾಡ್ಲಿಯ ಪ್ಯಾಂಟಿನ ಅಂಚು ಮಡಚಿತ್ತು; ಧ್ವಜದ ಚಿತ್ರದಲ್ಲಿ ಆ ಜಾಗದಲ್ಲಿದ್ದವನದು ಮಡಚಿರಲಿಲ್ಲ. ಇಷ್ಟು ಸಣ್ಣ ಸಂಗತಿ ಅಷ್ಟು ದೊಡ್ಡ ನಂಬಿಕೆಯನ್ನು ಕದಲಿಸಿತು. ಇನ್ನೊಂದು ಸಂಗತಿ ನೆನೆದರೆ ಮನಸ್ಸು ಕಲಕುತ್ತದೆ. ಆರ್ಲಿಂಗ್ಟನ್‌ನಲ್ಲಿ ಆ ಚಿತ್ರವನ್ನು ಕಂಚಿನ ಶಿಲ್ಪವಾಗಿಸಿದ ಫೆಲಿಕ್ಸ್ ಡಿ ವೆಲ್ಡನ್ ಎದುರು ಬದುಕುಳಿದ ಮೂವರು ಮಾದರಿಯಾಗಿ ನಿಂತಿದ್ದರು: ಹೇಸ್, ಬ್ರಾಡ್ಲಿ, ಗ್ಯಾನನ್. ಮೂವರಲ್ಲಿ ಇಬ್ಬರು ಆ ಚಿತ್ರದಲ್ಲಿ ಇರಲೇ ಇಲ್ಲ. ನಿಜವಾಗಿ ಧ್ವಜ ಎತ್ತಿದ್ದ ಕೆಲ್ಲರ್ 1979ರಲ್ಲಿ, ಶುಲ್ಟ್ಸ್ 1995ರಲ್ಲಿ, ಲೋಕಕ್ಕೆ ತಿಳಿಯದೆಯೇ ತೀರಿಕೊಂಡಿದ್ದರು. ಒಂದು ತಪ್ಪು ಹೆಸರು ಇಬ್ಬರಿಗೆ ಅನ್ಯಾಯ ಮಾಡುತ್ತದೆ. ಒಬ್ಬನಿಗೆ ತನ್ನದಲ್ಲದ್ದನ್ನು ಹೊರಿಸುತ್ತದೆ, ಇನ್ನೊಬ್ಬನಿಂದ ತನ್ನದನ್ನು ಕಸಿಯುತ್ತದೆ. ಆದ್ದರಿಂದಲೇ ‘ಗುರುತು ಸಿಕ್ಕಿಲ್ಲ’ ಎಂದು ಬರೆದ ಅಡಿಬರಹವನ್ನು ನಾನು ಗೌರವದಿಂದ ಓದುತ್ತೇನೆ. ಬರೆದವನು ಮುಂದೆ ಬರುವವನಿಗೆ ಜಾಗ ಬಿಟ್ಟಿದ್ದಾನೆ.

ಮತ್ತೆ ನಮ್ಮ ವ್ಯಾಂಪೈರಿಗೆ ಬರುತ್ತೇನೆ. ಆ ವಿಮಾನದ ಮುಂಭಾಗದ ಮೊಟ್ಟೆಯಂಥ ಒಡಲು ಮರದ್ದು. ತೆಳು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರ ಇಟ್ಟು, ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸಿ ಮಾಡಿದ್ದು. ಅದೇ ಕಂಪನಿ ಯುದ್ಧಕಾಲದಲ್ಲಿ ಮಸ್ಕಿಟೋ ವಿಮಾನವನ್ನು ಹೀಗೆಯೇ ಕಟ್ಟಿತ್ತು. ಜೆಟ್ ಯುಗದ ಬಾಗಿಲು ತೆರೆದ ಯಂತ್ರದಲ್ಲಿ ಬಡಗಿಗಳ ಕೈಕೆಲಸವಿತ್ತು. ಅವರು ಹಡಗಿಗೆ ಬರುವವರಲ್ಲ. ಬಂದರೂ ತೋಳಪಟ್ಟಿ ಇಲ್ಲ, ರೆಕ್ಕೆ ಇಲ್ಲ, ಪದಕ ಇಲ್ಲ. ಕಾರ್ಖಾನೆಯ ಅಂಗಳದಲ್ಲಿ ವಿಮಾನ ಮೊದಲು ಹೊರಬಂದ ದಿನದ ಚಿತ್ರಗಳಲ್ಲಿ ಕೆಲಸದ ಕೋಟು ತೊಟ್ಟು ಅಂಚಿನಲ್ಲಿ ನಿಂತಿರುವವರು ಇಂಥವರು. ನಾನು ಇಷ್ಟು ಹೊತ್ತು ಹೇಳಿದ ಯಾವ ನಿಯಮವೂ ಅವರಿಗೆ ಅನ್ವಯಿಸುವುದಿಲ್ಲ. ಅವರನ್ನು ಗುರುತಿಸಬಲ್ಲವರು ಪಕ್ಕದಲ್ಲಿ ದುಡಿದವರು ಮತ್ತು ಮನೆಯವರು ಮಾತ್ರ. ಆ ತಲೆಮಾರು ಈಗ ಹೆಚ್ಚುಕಡಿಮೆ ಇಲ್ಲ.

ಈ ಮಾತು ಬೆಂಗಳೂರಿಗೆ ದೂರದ್ದಲ್ಲ. 1950ರ ದಶಕದಲ್ಲಿ ಇದೇ ವ್ಯಾಂಪೈರನ್ನು ನಮ್ಮ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ಕಟ್ಟಿದರು. ಭಾರತದಲ್ಲಿ ತಯಾರಾದ ಮೊದಲ ಜೆಟ್ ವಿಮಾನಗಳು ಅವು. ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಶುರುಮಾಡಿದ ಆ ಕಾರ್ಖಾನೆಗೆ ಸುತ್ತಲ ಹಳ್ಳಿಗಳಿಂದ, ಕೋಲಾರ, ತುಮಕೂರಿನ ಕಡೆಯಿಂದ ಬಂದು ಸೇರಿದವರು ಎಷ್ಟೋ ಮಂದಿ. ಅವರ ಮನೆಗಳ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ, ವಿಮಾನದ ಮುಂದೆ ಸಾಲಾಗಿ ನಿಂತ ಗ್ರೂಪ್ ಫೋಟೋಗಳಿರುತ್ತವೆ. ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕುಳಿತ ಅಧಿಕಾರಿಗಳ ಹೆಸರು ಎಲ್ಲಾದರೂ ಸಿಗಬಹುದು. ಹಿಂದೆ ಬೆಂಚಿನ ಮೇಲೆ ನಿಂತವರು ಅವರ ಮಕ್ಕಳ ನೆನಪಿನಲ್ಲಿ ಮಾತ್ರ ಇದ್ದಾರೆ.

ನಮ್ಮದೇ ನೌಕಾ ವಿಮಾನದ ಮೂಲಮಾದರಿಯೂ ಇದೇ ಊರಿನಲ್ಲಿ ಹುಟ್ಟಿತು. ಹಗುರ ಯುದ್ಧವಿಮಾನ ತೇಜಸ್‌ನ ನೌಕಾ ರೂಪ, ಎನ್‌ಪಿ-1, 2010ರ ಜುಲೈ 6ರಂದು ಬೆಂಗಳೂರಿನಲ್ಲಿ ಹೊರಬಂದಿತು. 2012ರ ಏಪ್ರಿಲ್ 27ರಂದು ಆ ವಿಮಾನ ಮೊದಲು ಹಾರಿತು. ಹಾರಿಸಿದವರು ಕಮೊಡೋರ್ ಜೈದೀಪ್ ಮಾವಳಂಕರ್, ಹಿಂದಿನ ಆಸನದಲ್ಲಿ ಪರೀಕ್ಷಾ ಎಂಜಿನಿಯರ್ ವಿಂಗ್ ಕಮಾಂಡರ್ ಮಾಲತೇಶ್ ಪ್ರಭು. 2020ರ ಜನವರಿ 11ರಂದು ಎರಡನೆಯ ಮಾದರಿ ಐಎನ್ಎಸ್ ವಿಕ್ರಮಾದಿತ್ಯದ ಮೇಲೆ ಇಳಿಯಿತು, ಅಂದೂ ಮಾವಳಂಕರ್ ಅವರೇ ಪೈಲಟ್. ಈ ವಿಮಾನ ನೌಕಾಪಡೆಯ ಸೇವೆಗೆ ಸೇರಲಿಲ್ಲ, ಮೂಲಮಾದರಿಯಾಗಿಯೇ ಉಳಿಯಿತು. ನೂರಾರು ವಿಮಾನಗಳಾಗಿ ಬೆಳೆದಿದ್ದರೆ ಪುಸ್ತಕಗಳು, ವೀರಗಾಥೆಗಳು ತಾವಾಗಿ ಹುಟ್ಟುತ್ತಿದ್ದವು. ಹಾಗಾಗದ ಯಂತ್ರಕ್ಕೆ ಅದರ ಚಿತ್ರಗಳು ಮತ್ತು ಚಿತ್ರದಲ್ಲಿರುವ ಜನರೇ ಇತಿಹಾಸ. ಕೊಕ್ಕೆಯ ಲೆಕ್ಕ ಹಾಕಿದವರು, ಕಾಲುಗಳನ್ನು ಬಲಪಡಿಸಿದವರು, ತಂತಿಗೆ ಸಿಕ್ಕ ಕ್ಷಣದ ಒತ್ತಡವನ್ನು ಅಳೆದವರು, ಗೋವಾದ ಐಎನ್ಎಸ್ ಹಂಸದ ಪರೀಕ್ಷಾ ಹಾದಿಯಲ್ಲಿ ಬಿಸಿಲಲ್ಲಿ ಕಾದವರು, ಅವರಲ್ಲಿ ಬಹುಪಾಲು ಜನ ಇಂದು ನಮ್ಮ ನಡುವೆಯೇ ಇದ್ದಾರೆ. ವಿಮಾನಪುರದಲ್ಲೋ ಸಿ. ವಿ. ರಾಮನ್ ನಗರದಲ್ಲೋ ಕುಳಿತು ಈ ಮಾತು ಕೇಳುತ್ತಲೂ ಇರಬಹುದು.

ಅಂಥವರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಚಿತ್ರಗಳು ಬಹುಶಃ ಮೊಬೈಲಿನಲ್ಲಿವೆ; ಮೊಬೈಲಿಗೆ ಬೆನ್ನಿಲ್ಲ, ಪೆನ್ಸಿಲಿನಿಂದ ಬರೆಯಲಾಗದು. ಒಂದು ಪ್ರಿಂಟು ಹಾಕಿಸಿ. ಹಿಂಬದಿಯ ಅಂಚಿನಲ್ಲಿ ಮೆತ್ತಗಿನ ಪೆನ್ಸಿಲಿನಿಂದ ಬರೆಯಿರಿ; ಬಾಲ್ ಪೆನ್ನು ಬೇಡ, ಅದರ ಒತ್ತು ಮುಂಬದಿಯ ಮುಖಗಳ ಮೇಲೆ ಮೂಡುತ್ತದೆ. ಮೊದಲು ತಾರೀಖು, ಜಾಗ, ವಿಮಾನದ ಸಂಖ್ಯೆ. ಆಮೇಲೆ ಕುಳಿತವರು, ನಿಂತವರು ಎಂದು ಸಾಲುಸಾಲಾಗಿ, ಎಡದಿಂದ ಬಲಕ್ಕೆ. ಇನಿಷಿಯಲ್ ಜೊತೆ ಪೂರ್ತಿ ಹೆಸರು, ಊರಿನ ಹೆಸರು, ಆ ದಿನ ಅವರು ಮಾಡುತ್ತಿದ್ದ ಕೆಲಸ. ಯಾರ ಹೆಸರು ನಿಮಗೆ ಖಚಿತ, ಯಾರ ಹೆಸರು ಊಹೆ ಎಂಬುದನ್ನೂ ಬರೆಯಿರಿ. ನೆನಪಾಗದವರ ಜಾಗದಲ್ಲಿ ಗೆರೆ ಎಳೆದು ಖಾಲಿ ಬಿಡಿ. ಆ ಚಿತ್ರವನ್ನು ಪಕ್ಕದಲ್ಲಿ ನಿಂತಿದ್ದ ಗೆಳೆಯರಿಗೆ ಕಳಿಸಿ, ಅವರು ತುಂಬಲಿ.